ಹಿತ್ತಾಳೆ ಬಾಯಿ ಬಿಡೋದು ತಡವಾಗಿ

ಹಿತ್ತಾಳೆ ಅಂದ್ರೆ ನಮ್ಮವರಿಗೆ ನೆನಪಾಗೋದು ಹುಣಸೆಹಣ್ಣು ಹಚ್ಚಿ ತಿಕ್ಕಿದ ದೀಪದ ಕಂಬ. ನನಗೆ ನೆನಪಾಗೋದು ಪುಣೆಯ ಪ್ರೆಸ್ ಶಾಪ್. ತಗಡನ್ನು ಡೈಯೊಳಗೆ ಒತ್ತಿ ಬಟ್ಟಲು ಎಳೆಸೋದೇ ಅಲ್ಲಿ ನನ್ನ ಕೆಲಸವಾಗಿತ್ತು. ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಸೇರಿದ ಹಿತ್ತಾಳೆಗೆ ಕೈಗಾರಿಕೆಯಲ್ಲಿ ಕಾರ್ಟ್ರಿಜ್ ಬ್ರಾಸ್ ಅಂತಲೇ ಹೆಸರು. ಬಂದೂಕಿನ ತೋಟಾದ ಕವಚ ಆಗೋದು ಇದರಿಂದಲೇ.

ಅಮೆರಿಕದಲ್ಲಿರೋ ನನ್ನ ಅಕ್ಕನ ಮಗನಿಗೆ ಈಚೆಗೆ ಒಂದು ಹವ್ಯಾಸ ಹತ್ತಿದೆ. ಹಾರಿಸಿದ ತೋಟಾದ ಖಾಲಿ ಕವಚಕ್ಕೆ ಹೊಸ ಪ್ರೈಮರ್, ತೂಗಿದ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸೋದು. ಹ್ಯಾಂಡ್‌ಲೋಡಿಂಗ್ ಅಂತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ. ಅಲ್ಲಿ ಅದು ಸಾಮಾನ್ಯ ಹವ್ಯಾಸ. ಅವನದು ಹಳೇ .303 ಲೀ-ಎನ್‌ಫೀಲ್ಡ್. ಹಿಂದೆ ನಮ್ಮ ಪೊಲೀಸರ ಹೆಗಲ ಮೇಲೆ ಇರ್ತಿತ್ತಲ್ಲ, ಅದೇ ಬಂದೂಕು.

ಹೋದ ತಿಂಗಳು ಖಾಲಿ ಕವಚಗಳ ಫೋಟೋ ಕಳಿಸಿದ. "ಮಾವ, ಒತ್ತಡದ ಗುರುತು ಒಂದೂ ಇಲ್ಲ. ಇನ್ನೂ ಸ್ವಲ್ಪ ಮದ್ದು ಏರಿಸಬಹುದು ಅಲ್ವಾ?" ಅಂತ ಕೇಳಿದ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಗುರುತುಗಳು. ಪ್ರೈಮರಿನ ಗುಂಡಗಿನ ಅಂಚು ಚಪ್ಪಟೆಯಾಗಿ ಗುಳಿಯ ತುಂಬ ಹರಡಿರೋದು ಒಂದು. ಫೈರಿಂಗ್ ಪಿನ್ ಹೊಡೆದ ಕುಳಿಯ ಸುತ್ತ ಲೋಹ ಉಬ್ಬಿ ಕಟ್ಟೆ ಕಟ್ಟಿರೋದು ಇನ್ನೊಂದು. ಕವಚದ ತಳ ಎಜೆಕ್ಟರ್ ತೂತಿನೊಳಕ್ಕೆ ಹರಿದು ಹೊಳೆಯೋ ಚಂದ್ರನಂಥ ಮಚ್ಚೆ ಬೀಳೋದು ಮೂರನೆಯದು. ಹಾರಿಸಿದ ಮೇಲೆ ಬೋಲ್ಟ್ ಎತ್ತೋಕೆ ಬಿಗಿಯಾಗೋದು, ಹೊಸ ಪ್ರೈಮರ್ ಗುಳಿಯಲ್ಲಿ ಸಡಿಲವಾಗಿ ಕೂರೋದು ಕೊನೆಯವು. ಈ ಕೊನೆಯ ಮೂರು ಗಂಭೀರ. ತಳದ ಗಟ್ಟಿ ಹಿತ್ತಾಳೆಯೇ ಸೋತು ಹಿಗ್ಗಿದೆ, ಮತ್ತೆ ಮೊದಲಿನ ಅಳತೆಗೆ ಬರ್ತಿಲ್ಲ ಅಂತ ಅರ್ಥ.

ಮೊದಲೆರಡನ್ನು ಪೂರ್ತಿ ನಂಬೋ ಹಾಗಿಲ್ಲ. ಪ್ರೈಮರ್ ಮೆತ್ತಗಿದ್ರೆ ಸಾಧಾರಣ ಒತ್ತಡಕ್ಕೂ ಚಪ್ಪಟೆಯಾಗುತ್ತೆ. ಪಿನ್ನಿನ ತೂತು ಸವೆದು ದೊಡ್ಡದಾಗಿದ್ರೂ ಕುಳಿ ಸುತ್ತ ಕಟ್ಟೆ ಏಳುತ್ತೆ. ಅದು ಬಂದೂಕಿನ ದೋಷ, ಮದ್ದಿನದಲ್ಲ.

ಇಷ್ಟೂ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದು ಹಿತ್ತಾಳೆಯ ಸ್ವಭಾವ. ಹಿತ್ತಾಳೆಗೆ ಬಂದೂಕು ಯಾವುದು ಅಂತ ಗೊತ್ತಿರಲ್ಲ. ತಾನು ಸೋಲೋ ಹಂತ ಬಂದಾಗ ಮಾತ್ರ ಅದು ಬಾಯಿ ಬಿಡುತ್ತೆ. ಸಾಮಾನ್ಯವಾಗಿ ತಳದ ಹಿತ್ತಾಳೆ ಸೋಲೋದು ಒತ್ತಡ ಚದರ ಇಂಚಿಗೆ 65-70 ಸಾವಿರ ಪೌಂಡಿನ ಆಸುಪಾಸು ಬಂದ ಮೇಲೆ. ಅಮೆರಿಕದ ತಯಾರಕರ ಸಂಸ್ಥೆ ಸಾಮಿ .308 ವಿಂಚೆಸ್ಟರ್‌ಗೆ ಇಟ್ಟಿರೋ ಮಿತಿ 62,000. ಅಲ್ಲಿ ಗುರುತು ಕಾಣೋ ಹೊತ್ತಿಗೆ ಮಿತಿ ದಾಟಿಯೇ ಆಗಿರುತ್ತೆ. .303ಕ್ಕೆ ಮಿತಿ ಬರೀ 49,000. ಹತ್ತು ಸಾವಿರ ಹೆಚ್ಚಾದ್ರೂ ಹಿತ್ತಾಳೆ ಏನೂ ಆಗದ ಹಾಗೆ ಹೊಳೀತಾ ಕೂತಿರಬಹುದು. ಪೆಟ್ಟು ತಿನ್ನೋದು ಮುದಿ ಬಂದೂಕು. ಅದರ ಬೋಲ್ಟಿನ ಹಿಂದೆ ಒಂದು ಗೇಣು ದೂರದಲ್ಲಿ ಇವನ ಕಣ್ಣು!

ಇನ್ನೊಂದು ತಮಾಷೆ ಇದೆ. ಲೀ-ಎನ್‌ಫೀಲ್ಡ್ ಬೋಲ್ಟಿನ ಮುಖದಲ್ಲಿ ಎಜೆಕ್ಟರ್ ತೂತೇ ಇಲ್ಲ. ಚಂದ್ರನ ಮಚ್ಚೆ ಬೀಳೋದಾದ್ರೂ ಎಲ್ಲಿ? ಅದನ್ನು ಇವನು "ಇಲ್ಲ" ಅಂತ ಟಿಕ್ ಹಾಕಿ ಖುಷಿಪಟ್ಟಿದ್ದ.

ಅದೇ ಫೋಟೋದಲ್ಲಿ ಒಂದು ಕವಚದ ತಳದಿಂದ ಸ್ವಲ್ಪ ಮೇಲೆ ಹೊಳೆಯೋ ಉಂಗುರವಿತ್ತು. ಅದು ಒತ್ತಡದ ಗುರುತಲ್ಲ ಅಂತ ಅವನು ಬಿಟ್ಟಿದ್ದ. ಅಲ್ಲ, ನಿಜ. ಆದರೆ ಕವಚ ಉದ್ದಕ್ಕೆ ಹಿಗ್ಗಿ ಒಳಗೆ ತೆಳುವಾಗಿರೋ ಗುರುತು ಅದು. ಲೀ-ಎನ್‌ಫೀಲ್ಡ್ ಬೋಲ್ಟ್ ಹಿಂದುಗಡೆ ಲಾಕ್ ಆಗುತ್ತೆ, ಚೇಂಬರ್ರೂ ಸಡಿಲ. ಪ್ರತಿ ಸಲವೂ ಕವಚವನ್ನು ಪೂರ್ತಿ ಒತ್ತಿ ಮೂಲ ಅಳತೆಗೆ ತಂದ್ರೆ ಮತ್ತೆ ಹಿಗ್ಗಿ ಹಿಗ್ಗಿ ಒಂದು ದಿನ ಅಲ್ಲೇ ಎರಡಾಗುತ್ತೆ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೋಡೆ ಸವರು ಅಂದೆ. ಕೊಕ್ಕೆ ಸಿಕ್ಕಿಕೊಂಡ್ರೆ ಒಳಗೆ ಕಣಿವೆ ಬಿದ್ದಿದೆ ಅಂತ. ಅವನದು ಸಿಕ್ಕಿಕೊಳ್ತು. ಆ ಕವಚ ಕಸಕ್ಕೆ ಹೋಯ್ತು.

ಹಾಗಾದ್ರೆ ಯಾರನ್ನು ನಂಬೋದು? ಒತ್ತಡ ಅಳೆದು ಅಚ್ಚು ಮಾಡಿರೋ ಲೋಡಿಂಗ್ ಪುಸ್ತಕವನ್ನು. ಕೆಳಗಿನ ಅಂಕಿಯಿಂದ ಶುರು ಮಾಡಬೇಕು, ಗರಿಷ್ಠಕ್ಕೆ ನಿಲ್ಲಬೇಕು. ಜೊತೆಗೆ ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ ಇರಲಿ. ಪುಸ್ತಕ ಹೇಳಿದ್ದಕ್ಕಿಂತ ವೇಗ ಜಾಸ್ತಿ ಬಂದ್ರೆ ಒತ್ತಡವೂ ಜಾಸ್ತಿ ಇದೆ ಅಂತಲೇ ತಿಳೀಬೇಕು, ಪುಕ್ಕಟೆ ವೇಗ ಎಲ್ಲೂ ಸಿಗಲ್ಲ. ಚಳಿಗಾಲದಲ್ಲಿ ಸರಿಯಿದ್ದ ಮದ್ದು ಬೇಸಿಗೆ ಬಿಸಿಲಲ್ಲಿ ಮಿತಿ ಮೀರಬಹುದು, ಅದೂ ನೆನಪಿರಲಿ.

ನಿಮ್ಮ ಮಕ್ಕಳೋ ಅಳಿಯಂದಿರೋ ಅಲ್ಲಿ ಈ ಹವ್ಯಾಸಕ್ಕೆ ಬಿದ್ದಿದ್ರೆ ಇಷ್ಟು ಹೇಳಿ: ಗುರುತು ಕಂಡ್ರೆ ನಿಲ್ಲಿಸು. ಕಾಣದಿದ್ರೆ ಅದನ್ನು ಅನುಮತಿ ಅಂದ್ಕೋಬೇಡ.