ಚೊಂಬಿನ ನೆಗ್ಗು

ನಮ್ಮ ಶಾಲೆಯ ಚಿತ್ರಕಲೆ ಮೇಷ್ಟ್ರು ನಿವೃತ್ತರಾದ ಮೇಲೆ ಆ ಪೀರಿಯಡ್ಡು ನನ್ನ ತಲೆಗೆ ಬಂತು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಚಿಕ್ಕಂದಿನಲ್ಲಿ ಲೋಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದ್ದೆ ಎಂದು ಸ್ಟಾಫ್ ರೂಮಿನಲ್ಲಿ ಯಾವ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದೆನೋ! "ಮನೆಯ ಒಂದು ಸಾಮಾನು ನೋಡಿಕೊಂಡು ಬರೆದು ತನ್ನಿ" ಎಂದು ಎಂಟನೆಯ ತರಗತಿಗೆ ಹೇಳಿ ಬಂದೆ. ಆ ರಾತ್ರಿ ಟ್ರಂಕಿನ ತಳದಿಂದ ನನ್ನದೇ ಒಂದು ಚಿತ್ರ ಹುಡುಕಿ ತೆಗೆದೆ.

1985ರಲ್ಲಿ ಪರೀಕ್ಷೆಯ ಅಭ್ಯಾಸಕ್ಕೆಂದು ಬರೆದ ಹಿತ್ತಾಳೆ ಚೊಂಬು ಅದು. ಅಮ್ಮನ ಮದುವೆಗೆ ಅಜ್ಜ ನಾಗಮಂಗಲದಲ್ಲಿ ಕೊಂಡು ಕೊಟ್ಟದ್ದು. ಊಟವಾದ ಮೇಲೆ ಅದನ್ನು ಕಿಟಕಿಯ ಪಕ್ಕ ಮಣೆಯ ಮೇಲಿಟ್ಟು ಕೂರುತ್ತಿದ್ದೆ. ಚೊಂಬು ಬರೆಯುವುದೇನು ಮಹಾ ಎನ್ನಬೇಡಿ. ಅದರ ಬಾಯಿ ದುಂಡಗಿದೆ ಎಂದು ನಮಗೆ ಗೊತ್ತು, ಆದರೆ ಕಣ್ಣಿಗೆ ಕಾಣುವುದು ಅಂಡಾಕಾರ. ಬಾಯನ್ನು ಸರಿಯಾಗಿ ಬರೆದವರೂ ಬುಡಕ್ಕೆ ಬಂದಾಗ ಸ್ಕೇಲಿಟ್ಟ ಹಾಗೆ ನೇರ ಗೆರೆ ಎಳೆದುಬಿಡುತ್ತಾರೆ, ನೆಲದ ಮೇಲೆ ಕೂತಿದೆಯಲ್ಲ ಎಂದು. ಬುಡ ಕಣ್ಣಿನಿಂದ ಇನ್ನೂ ಕೆಳಗಿರುವುದರಿಂದ ಅದು ಬಾಯಿಗಿಂತ ಹೆಚ್ಚೇ ಬಾಗಬೇಕು. ಇನ್ನು ಹೊಳಪನ್ನು ಪೆನ್ಸಿಲಿನಿಂದ ಬರೆಯಲಾಗದು. ಕಾಗದದ ಬಿಳಿಯನ್ನು ಹಾಗೇ ಬಿಟ್ಟು ಸುತ್ತ ಕಪ್ಪು ಮಾಡಬೇಕು. ಗೆರೆಗೆ ಎಚ್‌ಬಿ, ನೆರಳಿಗೆ 4ಬಿ, ತೀರಾ ಕತ್ತಲೆಗೆ 6ಬಿ. ಸೀಸದ ಕಡ್ಡಿ ಎನ್ನುತ್ತೇವಾದರೂ ಅದರಲ್ಲಿ ಸೀಸವೇ ಇಲ್ಲ, ನೋಡಿ. ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಟ್ಟದ್ದು. ಮಣ್ಣು ಕಡಿಮೆಯಾದಷ್ಟೂ ಕಡ್ಡಿ ಮೆತ್ತಗೆ, ಕಪ್ಪಗೆ.

ಚೊಂಬಿನ ಹೊಟ್ಟೆಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ಒಂದು ನೆಗ್ಗಿತ್ತು. ಬೆಳಕು ಅಲ್ಲಿ ಮುರಿಯುತ್ತಿತ್ತು. ಎರಡು ಮಧ್ಯಾಹ್ನ ಅದೊಂದಕ್ಕೇ ಕೂತೆ. ಇಡೀ ಚಿತ್ರದಲ್ಲಿ ಅದೇ ಚೆನ್ನಾಗಿ ಬಂದಿದೆಯೆಂದು ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

"ಎಲ್ಲಾ ಚೆಂದಾಗೈತೆ. ಇದೊಂದ ಅಳಿಸ್ಬುಡು."

"ಇರೋದನ್ನೇ ಬರೀಬೇಕಮ್ಮ, ಮೇಷ್ಟ್ರು ಬೈತಾರೆ."

"ಬೈಲಿ."

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಪ್ಪ ಆ ಚೊಂಬನ್ನು ಎಸೆದಿದ್ದರು. ಅಮ್ಮ ಬಗ್ಗಿದ್ದರಿಂದ ಗೋಡೆಗೆ ಬಡಿಯಿತು. ಅವಳು ಅದನ್ನು ಎತ್ತಿಕೊಂಡು, ಮತ್ತೆ ನೀರು ತುಂಬಿ, ಅವರ ತಟ್ಟೆಯ ಪಕ್ಕ ಇಟ್ಟಳು. ಕೇಳಿದವರಿಗೆಲ್ಲ, ಬಚ್ಚಲಲ್ಲಿ ಜಾರಿತು ಎಂದಳು. ತಟ್ಟಿಸಿ ಸರಿಮಾಡಿಸಬಹುದಿತ್ತು, ಯಾಕೋ ಮಾಡಿಸಲಿಲ್ಲ. ಹುಣಸೆಹಣ್ಣು ಹಚ್ಚಿ ಬೆಳಗುವಾಗ ಅವಳ ಹೆಬ್ಬೆರಳು ದಿನವೂ ಆ ಗುಳಿಯೊಳಗೆ ಹೋಗಿಬರುತ್ತಿತ್ತು. ಆದರೆ ನಾಲ್ಕು ಜನ ನೋಡುವ ಕಾಗದದ ಮೇಲೆ ಅದು ಬೇಡ.

ಎರಡು ಮಧ್ಯಾಹ್ನ ಆ ಗುಳಿಗೆ ನೆರಳು ತುಂಬುತ್ತಿದ್ದಾಗ ನನಗೆ ಆ ರಾತ್ರಿ ಒಂದು ಸಲವೂ ನೆನಪಾಗಿರಲಿಲ್ಲ. ಈಗಲೂ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ಅಳುತ್ತಲೇ ರಬ್ಬರು ಹಾಕಿ ಉಜ್ಜಿದ್ದೆ. ಮುಂದೆ ತಮ್ಮನ ಮದುವೆಯ ಹೊತ್ತಿಗೆ ಚೊಂಬನ್ನೂ ತೂಕಕ್ಕೆ ಹಾಕಿ ಸ್ಟೀಲಿನ ಡಬ್ಬಗಳನ್ನು ತಂದರು. ಅಪ್ಪ ಹೋದರು, ಒಂಬತ್ತು ವರ್ಷದ ಹಿಂದೆ ಅಮ್ಮನೂ ಹೋದಳು. ಟ್ರಂಕಿನ ಚಿತ್ರವನ್ನು ದೀಪಕ್ಕೆ ಓರೆಯಾಗಿ ಹಿಡಿದೆ. ಕಪ್ಪು ಹೋಗಿದೆ, ಆದರೆ ಪೆನ್ಸಿಲು ಒತ್ತಿದ ಗೀರು ಕಾಗದದಲ್ಲಿ ಹಾಗೇ ಇದೆ.

ಮರುವಾರ ಮಕ್ಕಳು ಕುಕ್ಕರು, ಮಿಕ್ಸಿ, ಗ್ಯಾಸ್ ಒಲೆ ಬರೆದು ತಂದರು. ಒಬ್ಬ ಹುಡುಗಿಯ ಸ್ಟೀಲ್ ಕೊಡದ ಮಗ್ಗುಲಲ್ಲಿ ದೊಡ್ಡದೊಂದು ನೆಗ್ಗು. ಪಕ್ಕದವಳು ನಕ್ಕಳು. ಹೇಗಾಯಿತು ಎಂದು ನಾನು ಕೇಳಲಿಲ್ಲ. ಬುಡದ ಗೆರೆ ಬಾಗಿಸುವುದನ್ನು ಮಾತ್ರ ತೋರಿಸಿಕೊಟ್ಟು ಸಹಿ ಹಾಕಿದೆ.