ಜಿಂಕೆ ಬಿಟ್ಟದ್ದು ಬೇಲಿಗೆ

ಜನವರಿಯಲ್ಲಿ ನ್ಯೂಜೆರ್ಸಿಯ ಪ್ಲೇನ್ಸ್‌ಬರೋ, ವೆಸ್ಟ್ ವಿಂಡ್ಸರ್ ಕಡೆಯ ಯಾವ ಬೀದಿಗೆ ಹೋದರೂ ಮೇಪಲ್, ಓಕ್ ಮರಗಳು ಬೋಳಾಗಿ ನಿಂತಿರುತ್ತವೆ. ಹುಲ್ಲುಹಾಸು ಬಣ್ಣಗೆಟ್ಟಿರುತ್ತದೆ. ಹಸಿರು ಕಾಣಬೇಕೆಂದರೆ ಮನೆಗಳ ಕಿಟಕಿಯ ಬುಡ ನೋಡಬೇಕು. ತಳಪಾಯದ ಕಾಂಕ್ರೀಟು ಮರೆಯಾಗಲೆಂದು ನೆಟ್ಟ ಪೊದೆಗಳ ಸಾಲು ಅಲ್ಲಿದೆ. ಈ ಸುತ್ತಿನಲ್ಲಿ ಕನ್ನಡಿಗರ ಮನೆಗಳೂ ಇವೆ. ಮೈಸೂರಿನ ಅಂಗಳದ ದಾಸವಾಳ, ಕಣಗಿಲೆ, ನಂದಿಬಟ್ಟಲು ವರ್ಷವಿಡೀ ಹಸಿರಾಗಿರುವುದನ್ನು ಕಂಡು ಬೆಳೆದವರಿಗೆ ಚಳಿಗಾಲವನ್ನು ಲೆಕ್ಕಕ್ಕಿಟ್ಟು ಗಿಡ ಆರಿಸುವುದೇ ಹೊಸ ಪಾಠ. ಕರಿಬೇವಿನ ಕುಂಡವಂತೂ ಅಕ್ಟೋಬರಿನಲ್ಲೇ ಒಳಗೆ ಬಂದು ಬಿಸಿಲು ಬೀಳುವ ಕಿಟಕಿ ಹಿಡಿದು ಕೂರುತ್ತದೆ. ಹೊರಗೆ ನಿಲ್ಲುವವರು ಯಾರು?

ನರ್ಸರಿಯಲ್ಲಿ ಪ್ರತಿ ಗಿಡದ ಕೊರಳಿಗೂ ಒಂದು ಚೀಟಿ, ಅದರ ಮೇಲೆ ವಲಯದ ಅಂಕಿ. ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಮೊದಲು ಹೊರತಂದು, 2023ರಲ್ಲಿ ಮತ್ತೆ ಪರಿಷ್ಕರಿಸಿದ ನಕ್ಷೆಯ ಪ್ರಕಾರ ಮಧ್ಯ ನ್ಯೂಜೆರ್ಸಿಯ ಬಹುಪಾಲು ಏಳನೆಯ ವಲಯ. ಅಂದರೆ ವರ್ಷದ ಅತಿ ಚಳಿಯ ರಾತ್ರಿ, ಮೂವತ್ತು ವರ್ಷಗಳ ಸರಾಸರಿಯಲ್ಲಿ, ಸೊನ್ನೆಯಿಂದ ಹತ್ತು ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 18ರಿಂದ ಮೈನಸ್ 12. ಚೀಟಿಯಲ್ಲಿ ಏಳು ಅಥವಾ ಅದಕ್ಕಿಂತ ಕಡಿಮೆ ಅಂಕಿಯಿದ್ದರೆ ಗಿಡ ಬದುಕುತ್ತದೆ ಎಂದುಕೊಂಡು ಹೊಸಬರು ಗಾಡಿ ತುಂಬಿಸಿಕೊಂಡು ಬರುತ್ತಾರೆ.

ಚೀಟಿ ಹೇಳುವುದು ಚಳಿಯೊಂದನ್ನೇ. ಹಸಿರೆಲೆ ಉಳಿಸಿಕೊಂಡ ಪೊದೆಗೆ ಚಳಿಗಾಲದಲ್ಲಿ ದೊಡ್ಡ ಗಂಡಾಂತರ ಬಾಯಾರಿಕೆಯದು. ಬಿಸಿಲು ಗಾಳಿಗೆ ಎಲೆ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ, ಮಣ್ಣು ಹೆಪ್ಪುಗಟ್ಟಿ ಬೇರಿಗೆ ತೊಟ್ಟು ನೀರೂ ಸಿಗುವುದಿಲ್ಲ. ಮಾರ್ಚಿನ ಹೊತ್ತಿಗೆ ಗಾಳಿ ಬೀಸಿದ ಮಗ್ಗುಲಿನ ಎಲೆಗಳು ಕಂದಿ ಸುಟ್ಟಂತಾಗಿರುತ್ತವೆ. ಹಾಗಾಗಿ ಬಲ್ಲವರು ಸೆಪ್ಟೆಂಬರಿನಲ್ಲೇ ನೆಟ್ಟು, ನೆಲ ಗಟ್ಟಿಯಾಗುವವರೆಗೂ ನೀರು ಬಿಡುತ್ತಾರೆ, ಬುಡಕ್ಕೆ ಮರದ ತೊಗಟೆಯ ಚೂರು ಹರಡುತ್ತಾರೆ, ಎಳೆಯ ಗಿಡಗಳ ಸುತ್ತ ಗೂಟ ನೆಟ್ಟು ಗೋಣಿತಾಟು ಕಟ್ಟುತ್ತಾರೆ. ರಸ್ತೆಯಂಚಿನದಾದರೆ ಹಿಮ ಕರಗಿಸಲು ಸುರಿದ ಉಪ್ಪಿನ ಎರಚಲೂ ಸೇರಿತು.

ರೋಡೋಡೆಂಡ್ರನ್ ಮಾತ್ರ ಚಳಿಗಾಲಕ್ಕೆ ತನ್ನದೇ ಉಪಾಯ ಕಂಡುಕೊಂಡಿದೆ. ಉಷ್ಣಾಂಶ ಸೊನ್ನೆ ಸೆಲ್ಸಿಯಸ್ ಹತ್ತಿರ ಇಳಿದಾಗ ಅದರ ಉದ್ದನೆಯ ಎಲೆಗಳು ಜೋತುಬೀಳುತ್ತವೆ. ಇನ್ನೂ ಇಳಿದರೆ ಅಂಚುಗಳು ಒಳಮಡಚಿ, ಒಂದೊಂದು ಎಲೆಯೂ ಬೀಡಿಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಬೆಳಿಗ್ಗೆ ಥರ್ಮಾಮೀಟರ್ ನೋಡದೆ ಈ ಪೊದೆಯನ್ನೇ ನೋಡಿ ಕೋಟು ಆರಿಸಿಕೊಳ್ಳುವವರಿದ್ದಾರೆ. ಮಧ್ಯಾಹ್ನ ಬಿಸಿಲೇರಿದರೆ ಅವೇ ಎಲೆಗಳು ಮತ್ತೆ ಅಗಲವಾಗುತ್ತವೆ.

ಇಷ್ಟೆಲ್ಲ ದಾಟಿದ ಗಿಡಕ್ಕೆ ಜಿಂಕೆಯ ಪರೀಕ್ಷೆ ಬಾಕಿ. ಇಲ್ಲಿನ ಜಿಂಕೆಗಳಿಗೆ ಕಾಡು ಬೇಕಿಲ್ಲ. ಸಂಜೆ ಡ್ರೈವ್‌ವೇ ಮೇಲೇ ಓಡಾಡುತ್ತವೆ. ಹಿಮ ಬಿದ್ದು ಬೇರೆ ಮೇವು ಮುಚ್ಚಿಹೋದಾಗ ಹಸಿರು ಪೊದೆಯೇ ಅವುಗಳಿಗೆ ಹಬ್ಬದೂಟ. ರಟ್ಗರ್ಸ್ ವಿಶ್ವವಿದ್ಯಾಲಯದವರು ಜಿಂಕೆ ಯಾವ ಗಿಡಕ್ಕೆ ಎಷ್ಟು ಬಾಯಿ ಹಾಕುತ್ತದೆ ಎಂದು ನಾಲ್ಕು ದರ್ಜೆಯ ಪಟ್ಟಿಯನ್ನೇ ಮಾಡಿದ್ದಾರೆ. ಬೇಲಿಗೆಂದು ಜನ ಮುಗಿಬಿದ್ದು ಕೊಳ್ಳುವ ಆರ್ಬರ್‌ವೈಟಿ, ಯೂ ಎರಡೂ ಕೊನೆಯ ದರ್ಜೆಯಲ್ಲಿವೆ. ಆರ್ಬರ್‌ವೈಟಿ ಸಾಲನ್ನು ಜಿಂಕೆಯ ಕತ್ತು ಎಟುಕುವಷ್ಟು ಎತ್ತರಕ್ಕೆ ಸವರಿ, ಮೇಲೆ ಮಾತ್ರ ಹಸಿರು ಟೋಪಿ ಉಳಿದಿರುವುದನ್ನು ಬೀದಿಬೀದಿಯಲ್ಲೂ ಕಾಣಬಹುದು. ಈ ಪಟ್ಟಿ ನರ್ಸರಿಯ ಚೀಟಿಗಿಂತ ಹೆಚ್ಚು ದುಡ್ಡು ಉಳಿಸುತ್ತದೆ.

ಜಿಂಕೆ ಮೂಸಿ ಬಿಡುವುದು ಬಾಕ್ಸ್‌ವುಡ್. ಸಣ್ಣೆಲೆ, ಕತ್ತರಿಸಿದ ಹಾಗೆ ನಿಲ್ಲುವ ವಿನಯ; ಟೌನ್‌ಹೌಸುಗಳ ನಿವಾಸಿ ಸಂಘಗಳಿಗೂ ಅಚ್ಚುಮೆಚ್ಚು. ಆದರೆ ಬಿಸಿಲಿಗೆ ಇದರ ಸಾಮಾನ್ಯ ಜಾತಿಯಿಂದ ಒಂದು ವಾಸನೆ ಏಳುತ್ತದೆ. ಬೇಸಿಗೆಗೆಂದು ಊರಿನಿಂದ ಬಂದ ತಾಯಂದಿರು ಮುಂಬಾಗಿಲಲ್ಲೇ ಮೂಗು ಮುಚ್ಚುತ್ತಾರೆ.

“ಏನೋ ಇದು, ಬೆಕ್ಕು ಗಲೀಜು ಮಾಡಿದ್ಯಾ?”

“ಬೆಕ್ಕಲ್ಲಮ್ಮ, ಆ ಗಿಡದ ವಾಸನೆಯೇ ಹಾಗೆ.”

“ದುಡ್ಡು ಕೊಟ್ಟು ತಂದ್ಯಾ ಇದನ್ನ?”

ವಾಸನೆ ಸಹಿಸಿಕೊಂಡರೂ ರೋಗವಿದೆ. 2011ರಲ್ಲಿ ಅಮೆರಿಕದಲ್ಲಿ ಮೊದಲು ಕಾಣಿಸಿಕೊಂಡ ಬಾಕ್ಸ್‌ವುಡ್ ಬ್ಲೈಟ್ ಎಂಬ ಶಿಲೀಂಧ್ರ ರೋಗ ತಗುಲಿದರೆ ಎಲೆಯೆಲ್ಲ ಉದುರಿ ಕಡ್ಡಿ ಉಳಿಯುತ್ತದೆ. ಹಾಗಾಗಿ ಈಗ ಹಲವರು ಅದರ ಜಾಗಕ್ಕೆ ಇಂಕ್‌ಬೆರಿ ತರುತ್ತಿದ್ದಾರೆ. ಇದು ಹಾಲಿ ಎಂಬ ಗಿಡದ ಕುಲದ್ದು, ಹತ್ತಿರದ ಪೈನ್ ಬ್ಯಾರೆನ್ಸ್ ಕಾಡಿನ ಹುಳಿ ಮಣ್ಣಿನಲ್ಲಿ, ಜೌಗಿನಲ್ಲಿ ತಾನಾಗಿ ಬೆಳೆಯುವ ಪೊದೆ. ನೋಡಲು ಬಾಕ್ಸ್‌ವುಡ್‌ನಷ್ಟು ಠೀಕಾಗಿಲ್ಲ, ವಯಸ್ಸಾದಂತೆ ಬುಡ ಬೋಳಾಗುತ್ತದೆ. ಅದರ ಮುಂದೆ ಇನ್ನೊಂದು ಕುಳ್ಳು ಗಿಡ ನೆಟ್ಟರೆ ಆ ಕೊರತೆ ಮುಚ್ಚಿಹೋಗುತ್ತದೆ.

ಹಣ್ಣು ಬೇಕೆನ್ನುವವರು ಅದೇ ಕುಲದ ಅಮೆರಿಕನ್ ಹಾಲಿಗೆ ಹೋಗಬೇಕು. ಕೆಂಪು ಕಾಯಿ, ಮುಳ್ಳಂಚಿನ ಎಲೆ, ಜಿಂಕೆ ಬಾಯಿ ಹಾಕುವುದೂ ಅಪರೂಪ. ಆದರೆ ಹಾಲಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕಾಯಿ ಬಿಡುವುದು ಹೆಣ್ಣು, ಅದೂ ಜೇನ್ನೊಣ ಹಾರುವ ದೂರದಲ್ಲಿ ಗಂಡು ಗಿಡವಿದ್ದರೆ. ಅಂಗಳ ಚಿಕ್ಕದಾಗಿ ಒಂದೇ ಗಿಡಕ್ಕೆ ಜಾಗವಿರುವವರು ಹೆಣ್ಣನ್ನು ತರುವ ಮೊದಲು ಪಕ್ಕದ ಮನೆಯವರ ಹಾಲಿ ಗಂಡೋ ಹೆಣ್ಣೋ ಎಂದು ವಿಚಾರಿಸಿಕೊಳ್ಳುತ್ತಾರೆ.