ಮುನಿಸಿನ ಸೀಮೆ

ಕಾವೇರಿ ಅಗಸ್ತ್ಯರನ್ನು ಮದುವೆಯಾಗಲು ಹಾಕಿದ್ದು ಒಂದೇ ಷರತ್ತು: ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದು. ಋಷಿಗಳು ಹೂಂ ಅಂದರು. ಮದುವೆಗೆ ಮುಂಚೆ ಯಾವ ಗಂಡು ತಾನೇ ಹೂಂ ಅನ್ನುವುದಿಲ್ಲ? ಆಮೇಲೊಂದು ದಿನ ಅವಳನ್ನು ಕಮಂಡಲಕ್ಕೆ ತುಂಬಿಟ್ಟು, ಶಿಷ್ಯರನ್ನು ಕಾವಲಿಗೆ ಕೂರಿಸಿ, ಸ್ನಾನಕ್ಕೆಂದು ಕನಕೆ ಹೊಳೆಗೆ ಹೋದರು. ತಿರುಗಿ ಬರುವಷ್ಟರಲ್ಲಿ ಹೆಂಡತಿ ಹೊರಟಾಗಿತ್ತು. ಶಿಷ್ಯರು ಅಡ್ಡ ಬಂದರೆ ನೆಲದೊಳಗೆ ಇಳಿದು ಮುಂದೆಲ್ಲೋ ಎದ್ದಳು ಎಂಬುದು ಕೊಡಗಿನ ಕಥೆ. ಅಲ್ಲಿಂದ ಹರಿದ ಕಾವೇರಿ ತಿ. ನರಸೀಪುರದ ಹತ್ತಿರ ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಳ್ಳುತ್ತಾಳೆ. ಸಂಗಮದ ದಡದಲ್ಲಿರುವ ಗುಡಿ ಯಾರದ್ದು? ಅಗಸ್ತ್ಯೇಶ್ವರನದು. ಹನುಮಂತ ಲಿಂಗ ತರುವುದು ತಡವಾಯಿತೆಂದು ಅಗಸ್ತ್ಯರೇ ಮರಳಿನಿಂದ ಮಾಡಿ ನಿಲ್ಲಿಸಿದ ಲಿಂಗ ಅದು ಎನ್ನುತ್ತಾರೆ. ಭಕ್ತರಿಗೆ ಅದು ದಕ್ಷಿಣ ಕಾಶಿ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳವೂ ನಡೆಯುವ ಜಾಗ. ಸಂಸಾರಸ್ಥರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಬಿಟ್ಟುಹೋದ ಹೆಂಡತಿ ಯಾವ ದಾರಿಯಲ್ಲಿ ಬರುತ್ತಾಳೋ ಅದೇ ದಾರಿಯಲ್ಲಿ ಗಂಡ ಬಂದು ಕೂತಿದ್ದಾನೆ. ಆಕೆ ಮಾತ್ರ ನಿಲ್ಲದೆ ಗುಡಿಯ ಮೆಟ್ಟಿಲು ತೊಳೆದುಕೊಂಡು ತಲಕಾಡಿನ ಕಡೆ ಹೋಗಿಬಿಡುತ್ತಾಳೆ.

ಹಾಗೆ ಹೋಗುವ ದಾರಿಯಲ್ಲಿ, ತಲಕಾಡಿನ ಮಗ್ಗುಲಲ್ಲೇ ಸಿಗುವ ಊರು ಹೆಮ್ಮಿಗೆ.

ಈ ಸೀಮೆಯಲ್ಲಿ ದೇವರ ಮನೆಯಲ್ಲೂ ಸಂಸಾರ ಸಸೂತ್ರವಾಗಿ ನಡೆದ ದಾಖಲೆ ಇಲ್ಲ. ನಂಜನಗೂಡಿನ ನಂಜುಂಡೇಶ್ವರನನ್ನೇ ತೆಗೆದುಕೊಳ್ಳಿ. ದೇವಸ್ಥಾನದ ಲೆಕ್ಕಕ್ಕೆ ಅವನು ಪಾರ್ವತಿಯ ಜೊತೆ ನೆಮ್ಮದಿಯಾಗಿರುವ ಶ್ರೀಕಂಠೇಶ್ವರ. ಈ ಕಡೆಯ ಜನಪದ ಹಾಡುಗಾರರ ಲೆಕ್ಕವೇ ಬೇರೆ. ಮನೆಯಲ್ಲಿ ಹಿರಿಯ ಹೆಂಡತಿ ದೇವೀರಿ ಇದ್ದಾಳೆ, ನಂಜುಂಡನ ಮನಸ್ಸು ಮೈಸೂರು ಬೆಟ್ಟದ ಚಾಮುಂಡಿಯ ಮೇಲಿದೆ. ಬೆಟ್ಟದಿಂದ ನಂಜನಗೂಡಿಗೆ ಇಳಿದು ಬರುವ ಕಡೆಯಲ್ಲೇ ಉತ್ತನಹಳ್ಳಿ. ಅಲ್ಲಿ ಚಾಮುಂಡಿಯ ತಂಗಿ ಉತ್ತನಹಳ್ಳಿ ಮಾರಿಯ ಮನೆ. ಕದ್ದು ಬೆಟ್ಟ ಹತ್ತಬೇಕೆಂದರೂ ನಾದಿನಿಯ ಬಾಗಿಲ ಮುಂದೆಯೇ ಹಾಯಬೇಕು. ವಿಷ ಕುಡಿದು ಅರಗಿಸಿಕೊಂಡ ದೇವರು ಇಬ್ಬರು ಹೆಂಗಸರ ನಡುವೆ ಸಿಕ್ಕಿ ಒದ್ದಾಡುವುದನ್ನು ಹಾಡುಗಾರರು ಹಾಡುವಾಗ, ಕೇಳುವ ಗಂಡಸರ ಮುಖದಲ್ಲಿ ಭಕ್ತಿಗಿಂತ ಸಹಾನುಭೂತಿಯೇ ಹೆಚ್ಚು. ಹೆಂಗಸರು ನಗುತ್ತಾರೆ.

ಬಿಳಿಗಿರಿರಂಗನದೂ ಇಂಥದ್ದೇ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು ಅವನು. ಆದ್ದರಿಂದ ಸೋಲಿಗರಿಗೆ ದೇವರೆಂದರೆ ಭಾವ; ಭಾವನನ್ನು ಎಷ್ಟು ಬೈದರೂ ಪಾಪವಿಲ್ಲ. ಅವನಿಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ತೊಗಲಿನ ಪಾದರಕ್ಷೆ ಒಪ್ಪಿಸುವ ಪದ್ಧತಿ ಇದೆ. ಹಳೆಯ ಜೋಡು ಸವೆದಿರುತ್ತದಂತೆ, ದೇವರು ರಾತ್ರಿಯೆಲ್ಲ ಕಾಡು ಸುತ್ತುತ್ತಾನಲ್ಲ. ಚಪ್ಪಲಿ ಇಷ್ಟು ಬೇಗ ಸವೆಯಲು ಎಲ್ಲಿಗೆ ಹೋಗ್ತೀರಿ ಎಂದು ದೇವಿಯೂ ಕೇಳಿಯೇ ಇರಬೇಕು.

ಇನ್ನು ತಲಕಾಡು. ಊರಿಗೆ ಊರೇ ಮರಳಿನಲ್ಲಿ ಹೂತುಹೋದದ್ದಕ್ಕೆ ಜನ ನಾನೂರು ವರ್ಷಗಳಿಂದ ಹೇಳುತ್ತಿರುವ ಕಾರಣ ಒಬ್ಬಳು ಹೆಂಗಸಿನ ಬಾಯಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯ ಕಾಯಿಲೆಯಿಂದ ತಲಕಾಡಿಗೆ ಬಂದಿದ್ದ. ಅವನ ಹೆಂಡತಿ ಅಲಮೇಲಮ್ಮನ ಹತ್ತಿರ ಶ್ರೀರಂಗನಾಯಕಿಗೆ ತೊಡಿಸುವ ಒಡವೆಗಳಿದ್ದವು. ಒಡವೆ ಕೇಳಲು ಅರಮನೆಯಿಂದ ಆಳುಗಳು ಬಂದಾಗ ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು, ಉಳಿದದ್ದನ್ನು ಮಡಿಲಿಗೆ ಕಟ್ಟಿಕೊಂಡು ಮಾಲಂಗಿಯ ಮಡುವಿಗೆ ಹಾರಿದಳು. ಹಾರುವ ಮುಂಚೆ ತಲಕಾಡಿಗೂ ಮಾಲಂಗಿಗೂ ಮೈಸೂರು ದೊರೆಗಳಿಗೂ ಶಾಪ ಹಾಕಿದಳು. ಶಾಪಕ್ಕೆ ಅರಮನೆಯೂ ಹೆದರಿತು. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ಮೂರ್ತಿಗೆ ಇವತ್ತಿಗೂ ಪೂಜೆ ಇದೆ.

ಆದರೆ ಕೃಷಿವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಅವರು ಇದನ್ನೇ ವಿಜ್ಞಾನದ ಕಣ್ಣಿನಿಂದ ಕೆದಕಿದಾಗ ಬೆರಳು ಇನ್ನೊಂದು ಕಡೆ ತಿರುಗಿತು. 14ನೇ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಇಲ್ಲೇ ಹೆಮ್ಮಿಗೆ ಬಳಿ ಹೊಳೆಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿಸಿದ. ಕಟ್ಟೆಯ ಕೆಳಗೆ ನೀರು ಇಳಿಯಿತು, ಹೊಳೆಯ ತಿರುವಿನಲ್ಲಿ ಮರಳು ಬಯಲಾಯಿತು, ಗಾಳಿ ಅದನ್ನು ಎತ್ತಿ ಎತ್ತಿ ಊರ ಮೇಲೆ ಸುರಿಯಿತು. ಅಂದರೆ ಅಲಮೇಲಮ್ಮ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕೆಲಸ ಶುರುವಾಗಿತ್ತು. ಮಾಡಿದ್ದು ಮಂತ್ರಿ, ಮಾತು ಬಂದದ್ದು ಹೆಂಗಸಿಗೆ. ಈ ಸುದ್ದಿಯನ್ನು ಹೆಮ್ಮಿಗೆಯ ಯಾವ ಗೃಹಿಣಿಗೆ ಹೇಳಿದರೂ ಆಕೆ ಆಶ್ಚರ್ಯಪಡಲಾರಳು. ಮನೆಯಲ್ಲಿ ಮೋಟರು ಸುಟ್ಟರೂ ಹಸು ಕಟ್ಟಿಕೊಳ್ಳದಿದ್ದರೂ 'ನಿನ್ ಬಾಯಿಂದ್ಲೇ ಆಗಿದ್ದು' ಎಂದು ಕೇಳಿಸಿಕೊಂಡೇ ಬಂದವಳು. ಅದೇ ಕಟ್ಟೆಯ ನಾಲೆಯ ನೀರಿಗೆ ಬೆಳೆದ ಭತ್ತದ ಅನ್ನವನ್ನೇ ಬಡಿಸುತ್ತ ಆಕೆ ಹೇಳುವುದಿಷ್ಟೇ: "ನಂಗೊತ್ತಿತ್ತು."

ಈಗ ಅಂಥ ಒಂದು ಮನೆಯೊಳಗೆ ಹೋಗೋಣ. ಹೆಸರು ಬೇಡ, ಎಲ್ಲರ ಮನೆಯೂ ಆಗಬಹುದು. ಜಗಳ ಮುಯ್ಯಿ ಪುಸ್ತಕದ್ದು. ಹಳೇ ಮೈಸೂರು ಕಡೆ ಮದುವೆ, ಗೃಹಪ್ರವೇಶಗಳಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅದನ್ನು ನೋಡಿಯೇ ತಿರುಗಿ ಹಾಕಬೇಕು. ಬ್ಯಾಂಕಿನ ಪಾಸ್‌ಬುಕ್ ಕಳೆದರೂ ಈ ಪುಸ್ತಕ ಕಳೆಯುವುದಿಲ್ಲ. ಗಂಡನ ಅಕ್ಕನ ಮಗಳ ಮದುವೆಗೆ ಸಾವಿರದೊಂದು ಹೋಗಿದೆ. ಹೆಂಡತಿಯ ತಮ್ಮನ ಗೃಹಪ್ರವೇಶಕ್ಕೆ ಐನೂರ ಒಂದು ಸಾಕು ಎಂದಿದ್ದಾನೆ ಗಂಡ, "ಅವ್ರೂ ನಮಗೆ ಅಷ್ಟೇ ಹಾಕಿರಾದು" ಎಂಬ ಲಿಖಿತ ಸಾಕ್ಷಿಯೊಂದಿಗೆ. ಸಾಕ್ಷಿ ಹತ್ತು ವರ್ಷ ಹಳೆಯದು, ಆಗ ತಮ್ಮ ಇನ್ನೂ ಓದುತ್ತಿದ್ದ. ಮಾತು ಅಲ್ಲಿಗೆ ನಿಂತಿತು. ನಿಂತಿತು ಎಂದರೆ, ನಿಜವಾಗಿ ನಿಂತೇ ಹೋಯಿತು.

ಮಾತು ಬಿಟ್ಟ ಮನೆಯಲ್ಲಿ ಮಕ್ಕಳಿಗೆ ಕೆಲಸ ಹೆಚ್ಚು.

"ಲೋ ಮಗ, ನಿಮ್ಮಪ್ಪಂಗೆ ಹೇಳ್ಬುಡು, ಹಿಟ್ಟು ಆರೋಯ್ತದೆ ಅಂತ."

"ನಿಮ್ಮವ್ವಂಗೆ ಹೇಳು, ನಂಗೆ ಹಸೀವಿಲ್ಲ."

"ಹಸೀವಿಲ್ದಿದ್ರೆ ಮೂರು ಮುದ್ದೆ ಹಿಟ್ಟು ಯಾರ್ಗೆ ತೊಳಸಿದ್ದು ಅಂತ ಕೇಳು."

ಮೂವರೂ ಒಂದೇ ಕೋಣೆಯಲ್ಲಿದ್ದಾರೆ. ಹುಡುಗ ಹೋಂವರ್ಕಿನಿಂದ ತಲೆ ಎತ್ತಿಯೂ ಇಲ್ಲ; ಸುದ್ದಿ ಅದರಷ್ಟಕ್ಕೇ ತಲುಪುತ್ತಿದೆ.

ಅವತ್ತಿನ ಅಡುಗೆ ಉಪ್ಸಾರು. ಮೈಸೂರು, ಮಂಡ್ಯ, ಚಾಮರಾಜನಗರದವರಿಗೆ ಇದನ್ನು ವಿವರಿಸಬೇಕಿಲ್ಲ. ಮಿಕ್ಕವರಿಗೆ ಹೇಳಬೇಕೆಂದರೆ: ಸೊಪ್ಪನ್ನೂ ಕಾಳನ್ನೂ ಉಪ್ಪು ಹಾಕಿ ಬೇಯಿಸಿ ಕಟ್ಟು ಬಸಿದುಕೊಳ್ಳುತ್ತಾರೆ. ಬೆಂದ ಸೊಪ್ಪು ಪಲ್ಯವಾಗುತ್ತದೆ, ಕಟ್ಟು ಸಾರಾಗುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು ಅರೆದ ಖಾರ ಮಾತ್ರ ಬೇರೆ. ಅದನ್ನು ತಟ್ಟೆಯ ಅಂಚಿಗೆ ಇಡುತ್ತಾರೆ, ಬೇಕಾದಷ್ಟು ಕಲಸಿಕೊಳ್ಳುವುದು ಉಣ್ಣುವವನ ಜವಾಬ್ದಾರಿ. ದಾಂಪತ್ಯಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಅಡುಗೆ ಇಲ್ಲ. ಬೇರೆ ಸಾರಾದರೆ ಖಾರ ಜಾಸ್ತಿಯಾಯಿತೆಂದು ಅಡುಗೆ ಮಾಡಿದವಳ ಮೇಲೆ ಹೇಳಬಹುದು. ಇಲ್ಲಿ ಕಲಸಿಕೊಂಡವನು ತಾನೇ.

ಖುಷಿಯ ದಿನ ಖಾರ ಹುಣಸೆಬೀಜದಷ್ಟು ಬರುತ್ತದೆ, "ನೋಡ್ಕಂಡು ಹಾಕ್ಕೊ, ಮೆಣಸಿನಕಾಯಿ ಜೋರಾಗವೆ" ಎಂಬ ಎಚ್ಚರಿಕೆಯೊಂದಿಗೆ. ಮುನಿಸಿನ ದಿನ ಅಡಕೆ ಗಾತ್ರದ್ದು ಬರುತ್ತದೆ, ಎಚ್ಚರಿಕೆ ಬರುವುದಿಲ್ಲ. ಗಂಡ ಅಭಿಮಾನಕ್ಕೆ ಅಷ್ಟನ್ನೂ ಕಲಸಿಕೊಂಡ. ಎರಡನೇ ತುತ್ತಿಗೆ ಕಿವಿ ಬಿಸಿಯಾಯಿತು. ಮೂರನೆಯದಕ್ಕೆ ಮೂಗಿನಲ್ಲಿ ನೀರು. ಮಜ್ಜಿಗೆ ಕೇಳಬೇಕು, ಕೇಳಿದರೆ ಮಾತಾಡಿದ ಹಾಗಾಯಿತು. ತಟ್ಟೆಯನ್ನು ಬೆರಳಿನಿಂದ ಎರಡು ಸಲ ಕುಟ್ಟಿದ. ಆಕೆ ಇನ್ನೊಂದು ಸೌಟು ಉಪ್ಸಾರು ಬಿಟ್ಟಳು. ಮತ್ತೆ ಕುಟ್ಟಿದ. ಈಗ ಇನ್ನೊಂದು ಮುದ್ದೆ ಬಂತು. ಮಗನ ಕಡೆ ನೋಡಿದ, ಅವನು ನಿದ್ದೆ ಬಂದವನ ಹಾಗೆ ಪುಸ್ತಕದ ಮೇಲೆ ತಲೆ ಇಟ್ಟಿದ್ದ. ಕೊನೆಗೆ ಮಜ್ಜಿಗೆ ಚೆಂಬು ಬಂದದ್ದು ಅವನು ಎರಡು ಮುದ್ದೆ ಮುಗಿಸಿದ ಮೇಲೆ. ಚೆಂಬು ಆರಂಭದಿಂದಲೂ ಆಕೆಯ ಸೆರಗಿನ ಮರೆಯಲ್ಲೇ ಇತ್ತು. ಎತ್ತಿ ಗಟಗಟ ಕುಡಿದು ಕೆಳಗಿಟ್ಟವನ ಬಾಯಿಂದ ಹೊರಟ ಮೊದಲ ಮಾತು "ಎಂಟ್ನೂರು" ಎಂಬುದು. ಆಕೆ ಸಾವಿರದೊಂದಕ್ಕೆ ಮುಗಿಸಿದಳು.

ಹೊಸದಾಗಿ ಮದುವೆಯಾದವರಿಗೆ ಇಂಥ ಜಗಳದ ಭಾಗ್ಯವೂ ಸುಲಭಕ್ಕೆ ಸಿಗುವುದಿಲ್ಲ. ಆಷಾಢ ಬಂತೆಂದರೆ ಹೆಣ್ಣು ತವರಿಗೆ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಅಳಿಯ ಮಾವನ ಮನೆಗೆ ಹೋಗಬಾರದು, ಇತ್ಯಾದಿ. ಹಿರಿಯರು ಬಾಗಿಲು ಮುಚ್ಚಿದ ಕಡೆ ದೇವರು ಒಂದು ಕಿಟಕಿ ತೆಗೆದಿಟ್ಟ ಊರು ಚಾಮರಾಜನಗರ. ಅಲ್ಲಿಯ ಚಾಮರಾಜೇಶ್ವರನ ತೇರು ಎಳೆಯುವುದೇ ಆಷಾಢದಲ್ಲಿ. ಹುಡುಗಿ ತವರಿನ ಕಡೆಯಿಂದ ಬರುತ್ತಾಳೆ, ಹುಡುಗ ಈ ಕಡೆಯಿಂದ. ಇಬ್ಬರೂ ಒಟ್ಟಿಗೆ ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಹುಡುಗನ ಗುರಿ ತಪ್ಪಿ ಬಾಳೆಹಣ್ಣು ಯಾರದೋ ಬೆನ್ನಿಗೆ ಬಿದ್ದರೆ ಹುಡುಗಿಯ ನಗು. 2017ರಲ್ಲಿ ಕಿಡಿಗೇಡಿಯೊಬ್ಬ ತೇರಿಗೆ ಬೆಂಕಿ ಹಚ್ಚಿದ ಮೇಲೆ ಐದು ವರ್ಷ ರಥೋತ್ಸವ ನಿಂತುಹೋಯಿತು. ಹೊಸ ತೇರು ಉರುಳಿದ್ದು 2022ರಲ್ಲಿ. ಆ ನಡುವಿನ ಆಷಾಢಗಳಲ್ಲಿ ಮದುವೆಯಾದವರಿಗೆ ಪರಿಹಾರ ಕೊಡಿ ಎಂದು ಯಾರೂ ಅರ್ಜಿ ಹಾಕದಿದ್ದದ್ದು ದೊಡ್ಡತನ. ಫೋನು ಇತ್ತಲ್ಲ ಎನ್ನಬಹುದು. ಮನೆಯವರೆಲ್ಲ ಸುತ್ತ ಕೂತು ಕೇಳುವ ಫೋನು.

ಕನ್ನಡದಲ್ಲಿ ಗಂಡ ಹೆಂಡಿರ ಒಲವಿಗೆ 1942 ಒಳ್ಳೆಯ ವರ್ಷ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಬಂದದ್ದು ಆಗ. ಸರ್ಕಾರಿ ಗುಮಾಸ್ತಿಕೆಯ ಮೇಲೆ ನಂಜನಗೂಡಿನಲ್ಲೂ ಇದ್ದ ಕವಿ ಅವರು. ಅದೇ ವರ್ಷ ರಾ.ಶಿ. ಎಂದೇ ಹೆಸರಾದ ಡಾ. ಎಂ. ಶಿವರಾಂ 'ಕೊರವಂಜಿ' ಪತ್ರಿಕೆ ಶುರುಮಾಡಿದರು. ಒಂದು ಪುಸ್ತಕ ಹೆಂಡತಿಗೆ ಮಲ್ಲಿಗೆ ಮುಡಿಸಿತು, ಇನ್ನೊಂದು ಪತ್ರಿಕೆ ಮಲ್ಲಿಗೆಗೆ ಮೊಳಕ್ಕೆಷ್ಟು ಕೊಟ್ಟಿರಿ ಎಂದು ಕೇಳಿತು. ಕೊರವಂಜಿಯಲ್ಲೇ ಬರೆಯುತ್ತ ಬೆಳೆದ ಟಿ. ಸುನಂದಮ್ಮನವರಂತೂ ಈ ಲೆಕ್ಕಾಚಾರವನ್ನು ಅಡುಗೆಮನೆಯ ಕಡೆಯಿಂದ ಬರೆದರು. ಅಲ್ಲಿಯವರೆಗೆ ಹಾಸ್ಯದ ಹೆಂಡತಿ ಎಂದರೆ ಗಂಡ ಬರೆದ ಹೆಂಡತಿ. ಅವರು ಬಂದ ಮೇಲೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ ಗಂಡನೂ ನಗೆಪಾಟಲಾದ. ಈ ಲೇಖಕನ ಮಟ್ಟಿಗೆ ಕನ್ನಡದ ವಿನೋದಕ್ಕೆ ಉಪ್ಪು ಸರಿಯಾಗಿ ಹಿಡಿದದ್ದು ಆಗಲೇ.

ಮನೆಯೊಳಗಿನ ಬಲಾಬಲ ಆಮೇಲೆ ದೊಡ್ಡದಾಗಿ ಕದಲಿದ್ದು 2023ರಲ್ಲಿ. ಜೂನ್ 11ರಿಂದ ಶಕ್ತಿ ಯೋಜನೆ: ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿಗೆ ಚಾಲನೆ: ರೇಷನ್ ಕಾರ್ಡಿನಲ್ಲಿ ಯಾರು ಯಜಮಾನಿಯೋ ಅವರ ಖಾತೆಗೆ ತಿಂಗಳಿಗೆ 2000 ರೂಪಾಯಿ. ಜಗಲಿಯ ಮೇಲೆ ಕೂತು ಯಜಮಾನಿಕೆ ನಡೆಸುತ್ತಿದ್ದವರಿಗೆ ಸರ್ಕಾರಿ ಕಾಗದದಲ್ಲಿ ಯಜಮಾನ ತಾನಲ್ಲ ಎಂದು ತಿಳಿಯಿತು. ಗೊಬ್ಬರಕ್ಕೆ ಸಾವಿರ ಕಡಿಮೆ ಬಿದ್ದರೆ ಸೊಸೈಟಿಗೆ ಹೋಗುವ ಮುಂಚೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೆಮ್ಮುವ ಪದ್ಧತಿ ಬಂತು. "ಬಡ್ಡಿ ಎಷ್ಟಾದದು?" ಎಂದು ಒಳಗಿನಿಂದ ಪ್ರಶ್ನೆ.

ನಂಜನಗೂಡಿಗೆ ಸೋಮವಾರದ ಪೂಜೆಗೆ ಹೊರಟ ಗಂಡ ಹೆಂಡಿರನ್ನು ಬಸ್ಸಿನಲ್ಲಿ ನೋಡಬೇಕು. ಆಕೆ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂರುತ್ತಾಳೆ. ಆತ ದುಡ್ಡು ಕೊಟ್ಟು ಟಿಕೆಟ್ ತೆಗೆದು ನಿಂತಿರುತ್ತಾನೆ. "ದುಡ್ಡು ಕೊಟ್ಟೋನು ನಾನು, ಕುತ್ಕಳಾದು ನೀನು" ಎಂದರೆ, "ಅದ್ಕೇ ಹೇಳಿದ್ದು, ನಾನೊಬ್ಳೇ ಹೋಗ್ಬತ್ತೀನಿ ಅಂತ" ಎಂಬ ಉತ್ತರ ಮುಂದಿನ ಸೀಟಿನವರಿಗೂ ಕೇಳುವಂತೆ. ಒಬ್ಬಳನ್ನೇ ಬಿಡಬಾರದೆಂಬ ಕಾವೇರಿಯ ಕಾಲದ ಷರತ್ತು ಪೂರಾ ತಿರುವುಮುರುವಾಗಿದೆ. ವಾಪಸ್ ಬರುವಾಗ ರಸಬಾಳೆ ಎಂದು ಆತ ಕೊಂಡ ಹಣ್ಣನ್ನು ಆಕೆ ಮೂಸಿ ನೋಡಿ, "ಇದು ರಸಬಾಳೆಯಾದ್ರೆ ನಾನು ಮಹಾರಾಣಿ" ಎಂದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಅಸಲಿ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬುಡಕ್ಕೆ ತಗಲುವ ಸೊರಗು ರೋಗದಿಂದ ಬೆಳೆಯುವವರು ಮಾತ್ರ ಕಡಿಮೆಯಾದರು. ಗಂಡಸು ಸಂತೆಯಲ್ಲಿ ಮೋಸಹೋಗಲು ಅಷ್ಟು ಸಾಕು.

ಓಣಿಯ ಹೆಂಗಸರೆಲ್ಲ ಸೇರಿ ಧರ್ಮಸ್ಥಳಕ್ಕೆ ಹೊರಟರೆಂದರೆ ಎರಡು ದಿನ ಬೀದಿಯ ತುಂಬ ಸೀದ ವಾಸನೆ. ರಾತ್ರಿ ಎಂಟಕ್ಕೆ ಫೋನು ಹೋಗುತ್ತದೆ.

"ಅಮ್ಮೀ, ಉಪ್ಪಿನ ಡಬ್ಬ ಎಲ್ಮಡಗಿದ್ದೀಯೆ?"

"ಒಲೆ ಪಕ್ಕದಲ್ಲೇ ಅದೆ. ಏನ್ ಮಾಡೀಯೆ?"

"ಉಪ್ಸಾರು."

"ಉಪ್ಪಿಲ್ದೆ ಉಪ್ಸಾರು ಬಸ್ದಿದ್ದೀಯಾ?"

ಆ ತುದಿಯಲ್ಲಿ ಬಸ್ಸಿಗೆ ಬಸ್ಸೇ ನಗುತ್ತದೆ. ಈ ತುದಿಯಲ್ಲಿ ಆತ ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಡಬ್ಬಗಳನ್ನು ಒಂದೊಂದಾಗಿ ಮೂಸುತ್ತಿದ್ದಾನೆ.

"ಬಿಳೇದು ಎರಡವೆ ಕನಮ್ಮಿ. ಯಾವ್ದು?"

"ನಾಲಗೆ ಅದೆ ಅಲ್ವಾ, ನೆಕ್ಕಿ ನೋಡು."

"ನೆಕ್ಕಿದೆ," ಎಂದ ಆತ ಸ್ವಲ್ಪ ಹೊತ್ತಾದ ಮೇಲೆ. "ಸೋಡ."